ನಡುವಿನವನ ಜಮಾ-ಖರ್ಚು

ಧಾರೂರು ಸ್ಟೇಷನ್ನಿನ ಹತ್ತಿರದ ಚಹಾದಂಗಡಿಯಲ್ಲಿ ಫುಟ್‌ಬಾಲಿನ ಮಾತು ಶುರುವಾದ ದಿನ ಮೊದಲ ಲುಕ್ಸಾನು ಆದದ್ದು ಅಂಗಡಿಯ ಕಾಕಾನಿಗೆ. ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್ ಆಗಿ ರಿಟೈರಾದ ನಮ್ಮ ಚಾಚಾ, ಹಿಂದಿನ ಕಾಲದ ಆಟದಲ್ಲಿ ಯಾರ್‍ಯಾರು ಎಲ್ಲೆಲ್ಲಿ ನಿಲ್ಲುತ್ತಿದ್ದರು ಅಂತ ಹೇಳುತ್ತ, ಬೆರಳು ಮಡಚಿ, “ಎರಡು ಫುಲ್, ಮೂರು ಹಾಫ್, ಐದು ಫಾರ್ವರ್ಡ್” ಅಂದರು. ಕಾಕಾ ಒಳಗೆ ಹೋದವನು ಎರಡು ಫುಲ್ ಚಹಾ, ಮೂರು ಹಾಫ್ ಚಹಾ ಸೋಸಿ ತಂದು ಬೆಂಚಿನ ಮೇಲಿಟ್ಟ. “ಐದು ಏನೋ ಅಂದ್ರಲ್ಲ, ಅದು ನಮ್ಮ ಕಡಿ ಇಲ್ಲ. ಭಜಿ ಅವ, ಕೊಡ್ಲೇನ್?”

ಆವತ್ತು ಕೂತಿದ್ದವರು ನಾವು ನಾಲ್ಕೇ ಮಂದಿ. ಉಳಿದೊಂದು ಹಾಫನ್ನು ಯಾರು ಕುಡಿಯಬೇಕು, ಯಾರು ರೊಕ್ಕ ಕೊಡಬೇಕು ಅನ್ನುವುದು ಬಗೆಹರಿಯುವಷ್ಟರಲ್ಲಿ ಅದು ತಣ್ಣಗಾಗಿ ಕೆನೆ ಕಟ್ಟಿತ್ತು. ನಡುವಿನವನ ಹಣೆಬರಹವೇ ಅಷ್ಟು ಅಂತ ನನಗೆ ಆಮೇಲೆ ಅನ್ನಿಸಿದ್ದುಂಟು. ಆದರೆ ಅದು ಆಮೇಲಿನ ಮಾತು.

ಖರೇ ಹೇಳಬೇಕೆಂದರೆ ನಮ್ಮ ಕಡೆ ಫುಟ್‌ಬಾಲ್ ಅಷ್ಟಕ್ಕಷ್ಟೆ. ಹುಡುಗರ ಕೈಯಲ್ಲಿ ಕ್ರಿಕೆಟ್ ಬ್ಯಾಟು, ಸ್ವಲ್ಪ ಮೈ ಗಟ್ಟಿ ಇದ್ದವರಿಗೆ ಕಬಡ್ಡಿ. ವಿಕಾರಾಬಾದು ಮತ್ತು ತಾಂಡೂರಿನ ನಡುವೆ ಇರುವ ನಮ್ಮ ಧಾರೂರಿನ ಹೆಸರು ಹೊರಗಿನವರ ಬಾಯಲ್ಲಿ ಬರುವುದು ವರ್ಷಕ್ಕೊಂದು ಸಲ, ನವೆಂಬರಿನ ಮೆಥಡಿಸ್ಟ್ ಕ್ರೈಸ್ತರ ಜಾತ್ರೆಗೆ. ಈಚೆಗೆ ಕೋಟಪಲ್ಲಿ ಕೆರೆಯಲ್ಲಿ ದೋಣಿ ಹುಟ್ಟು ಹಾಕಲಿಕ್ಕೆ ಹೈದರಾಬಾದಿನಿಂದ ಕಾರು ತಗೊಂಡು ಬರುವವರಿದ್ದಾರೆ. ಅವರು ನಮ್ಮೂರನ್ನು ದಾಟಿ ಹೋಗುತ್ತಾರೆಯೇ ಹೊರತು ನಿಲ್ಲುವುದಿಲ್ಲ. ನಿಲ್ಲದೆ ಹೋಗುವುದು ನಮಗೆ ಹೊಸದೂ ಅಲ್ಲ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರು ರೈಲು ಹಾಕಿಸಿದ ಲಾಗಾಯ್ತು ಅರ್ಧಕ್ಕರ್ಧ ಗಾಡಿಗಳು ನಮ್ಮ ಪ್ಲಾಟ್‌ಫಾರ್ಮಿನ ಧೂಳೆಬ್ಬಿಸಿ ಹೋಗುವುದನ್ನೇ ಕಲಿತಿವೆ.

ಇಂಥ ಊರಲ್ಲಿ ನಾನೂ ಒಂದು ಕಾಲಕ್ಕೆ ಮಿಡ್‌ಫೀಲ್ಡರ್ ಆಗಿದ್ದೆ ಅಂದರೆ ಅಳಿಯ ಈಗಲೂ ನಗುತ್ತಾನೆ. ಶಾಲೆಯಲ್ಲಿ ಡ್ರಿಲ್ ಮಾಸ್ತರರು ತಂಡ ಕಟ್ಟುವಾಗ ಅವರದೊಂದು ಸರಳ ಶಾಸ್ತ್ರವಿತ್ತು. ಓಡುವವನು ಮುಂದೆ. ಮೈಯಲ್ಲಿ ಕಸುವಿದ್ದವನು ಹಿಂದೆ. ಎತ್ತರ ಇದ್ದವನು ಗೋಲಿಗೆ. ಈ ಮೂರೂ ಅಲ್ಲದ, ಆದರೆ ಹೆಸರು ಹಚ್ಚಿ ಆಗಿದೆ, ಈಗ ಬೇಡ ಅನ್ನಲಿಕ್ಕೆ ಬರುವುದಿಲ್ಲ ಅನ್ನುವಂಥವನು ನಡುವೆ. ತೊಗರಿ ಕೊಯ್ದ ಹೊಲವೇ ನಮ್ಮ ಮೈದಾನ. ತೊಗರಿಯ ಕೂಳೆ ಗೊತ್ತಿದ್ದವರಿಗೆ ಗೊತ್ತು: ಓರೆಯಾಗಿ ಕುಡಗೋಲು ತಾಗಿ, ಭರ್ಜಿಯ ಮೊನೆಯಂತೆ ನೆಲದಿಂದ ಎರಡು ಬೆರಳು ಮೇಲೆ ನಿಂತಿರುತ್ತದೆ. ಬರಿಗಾಲಲ್ಲಿ ಓಡುವವನು ಚೆಂಡು ನೋಡಿದರೆ ಕಾಲು ಹೋಯಿತು, ಕಾಲು ನೋಡಿಕೊಂಡರೆ ಚೆಂಡು ಹೋಯಿತು. ನಾನು ಕಾಲು ನೋಡಿಕೊಂಡೆ. ಇಡೀ ಆಟದಲ್ಲಿ ಚೆಂಡು ನನ್ನ ಹತ್ತಿರ ಬಂದದ್ದು ಎರಡು ಸಲ. ಒಂದು ಸಲ ಎದುರಿನವರಿಗೆ ಕೊಟ್ಟೆ, ಇನ್ನೊಂದು ಸಲ ರೆಫರಿಯಾಗಿದ್ದ ಡ್ರಿಲ್ ಮಾಸ್ತರರಿಗೇ ಕೊಟ್ಟೆ. ಅಲ್ಲಿಗೆ ನನ್ನ ಆಟದ ಲೆಕ್ಕ ಮುಗಿದು, ಮುಂದೆ ತಾಂಡೂರಿನ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ಜಮಾ-ಖರ್ಚು ಬರೆಯುವ ಲೆಕ್ಕ ಸುರುವಾಯಿತು.

ಫುಟ್‌ಬಾಲನ್ನು ಮತ್ತೆ ಊರಿಗೆ ತಂದವನು ಇದೇ ಅಳಿಯ, ನಮ್ಮ ಅಕ್ಕನ ಮಗ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ಶನಿವಾರ ಭಾನುವಾರ ಬಂತೆಂದರೆ ಕಂಠೀರವ ಸ್ಟೇಡಿಯಮ್ಮಿನ ಪಶ್ಚಿಮದ ಗ್ಯಾಲರಿಯಲ್ಲಿ ನೀಲಿ ಅಂಗಿ ಹಾಕಿ ಗಂಟಲು ಹರಿದುಕೊಳ್ಳುವುದು. ಕೊರೋನಾದ ವರ್ಷ ಕಂಪನಿ ಅವನನ್ನು ಮನೆಗೆ ಕಳಿಸಿತು. 2020ರ ನವೆಂಬರಿಗೆ ಐಎಸ್‌ಎಲ್ ಶುರುವಾದಾಗ ಎಲ್ಲ ಪಂದ್ಯವೂ ಗೋವಾದಲ್ಲಿ, ಖಾಲಿ ಮೈದಾನದಲ್ಲಿ. ನೋಡುವವರಿಲ್ಲದ ಆಟ ಅಲ್ಲಿ, ಆಟವಿಲ್ಲದ ನೋಡುಗರು ಇಲ್ಲಿ. ಅದೇ ಹೊತ್ತಿಗೆ ಜಹೀರಾಬಾದಿನ ನಮ್ಮ ಬೀಗರು ಮಗಳ ಬಾಣಂತನದ ನೆವದಲ್ಲಿ ಬಂದು ತಿಂಗಳುಗಟ್ಟಲೆ ಉಳಿದರು. ಅವರು ಹೈದರಾಬಾದ್ ಎಫ್‌ಸಿ. ಆ ಕ್ಲಬ್ಬು ಹುಟ್ಟಿದ್ದೇ 2019ರಲ್ಲಿ. ಬೀಗರ ಅಭಿಮಾನ ಮಾತ್ರ ಅಸಫ್‌ಜಾಹಿ ಕಾಲದಿಂದ ನಡೆದುಬಂದದ್ದು ಅನ್ನುವ ಹಾಗೆ ಇತ್ತು.

ಒಬ್ಬನ ಊರು ಬೆಂಗಳೂರಲ್ಲ, ಇನ್ನೊಬ್ಬರ ಊರು ಹೈದರಾಬಾದಲ್ಲ. ಇಬ್ಬರೂ ಜಗಳವಾಡಿದ್ದು ಕನ್ನಡದಲ್ಲಿ, ಬೈದದ್ದು ತೆಲುಗಿನಲ್ಲಿ, ರಾಜಿಯಾದದ್ದು ಚಾಚಾನ ಉರ್ದುವಿನಲ್ಲಿ. ಅದು ನಮ್ಮ ಕಡೆಯ ರಿವಾಜು.

ಜಗಳ ಗೋಲು ಹೊಡೆಯುವವರ ಬಗ್ಗೆ ಆಗಿದ್ದರೆ ಎರಡು ದಿನದಲ್ಲಿ ಮುಗಿದುಹೋಗುತ್ತಿತ್ತು. ಸುನಿಲ್ ಚೆಟ್ರಿ ಒಳ್ಳೆಯವನೋ ಅಲ್ಲವೋ ಅಂತ ಯಾರು ಜಗಳವಾಡುತ್ತಾರೆ? ಗೋಲು ಎಣಿಸಿದರೆ ಆಯಿತು. ಗೋಲ್‌ಕೀಪರನ ಬಗ್ಗೆಯೂ ಅಷ್ಟೆ, ಬಿಟ್ಟದ್ದನ್ನು ಎಣಿಸಿದರಾಯಿತು. ಎಣಿಸಲಿಕ್ಕೆ ಬಾರದವನು ನಡುವಿನವನು. ಬೆಂಗಳೂರಿನ ನಡುವೆ ಆಗ ಎರಿಕ್ ಪಾರ್ತಾಲು ಅಂತ ಒಬ್ಬ ಆಸ್ಟ್ರೇಲಿಯದವನಿದ್ದ. ಹೈದರಾಬಾದಿನ ನಡುವೆ ಆ ವರ್ಷ ಬಂದ ಬ್ರೆಜಿಲ್ ದೇಶದ ಜೋವಾವ್ ವಿಕ್ಟರ್. ಎರಡು ತಿಂಗಳು ಧಾರೂರಿನ ಬೆಂಚಿನ ಮೇಲೆ ಈ ಇಬ್ಬರ ಪಂಚಾಯ್ತಿ ನಡೆಯಿತು.

ಮೊದಲು ಹೆಸರಿನ ವಿಷಯ ಮುಗಿಸಿಬಿಡುತ್ತೇನೆ. ಪಾರ್ತಾಲು ಅನ್ನುವುದು ಕಾಕಾನ ಬಾಯಲ್ಲಿ ಎರಡನೇ ದಿನಕ್ಕೆ ಪಾರ್ಥ ಆಯಿತು. ಆರಡಿ ದಾಟಿದ ಆಳು, ನಿಂತಲ್ಲಿಂದ ಮೈದಾನದ ಆಚೆ ಅಂಚಿಗೆ ಬಾಣ ಬಿಟ್ಟಂತೆ ಚೆಂಡು ಕಳಿಸುತ್ತಾನೆ. ಹೆಸರು ತಪ್ಪಿಲ್ಲ ಅಂತ ನಾವೂ ಒಪ್ಪಿಕೊಂಡೆವು. ಅವನ ಪಕ್ಕದಲ್ಲಿ ಸುರೇಶ ಅಂತ ಒಬ್ಬ ಹುಡುಗ ಎಡೆಬಿಡದೆ ಓಡುತ್ತಿದ್ದ. ಸುರೇಶ ಅಂದಕೂಡಲೇ ಕಾಕಾನಿಗೆ ಅವನು ಇಲ್ಲೇ ರುಕ್ಮಾಪುರದ ಕಡೆಯವನಿರಬೇಕು ಅನ್ನಿಸಿ, “ಯಾರ ಪೈಕಿ?” ಅಂತ ಕೇಳಿದ. ಸುರೇಶ್ ಸಿಂಗ್ ವಾಂಗ್‌ಜಮ್, ಮಣಿಪುರದವನು, 2017ರಲ್ಲಿ ನಮ್ಮ ದೇಶದಲ್ಲೇ ನಡೆದ ಹದಿನೇಳರೊಳಗಿನವರ ವಿಶ್ವಕಪ್ ಆಡಿದವನು ಅಂತ ಅಳಿಯ ಹೇಳಿದ ಮೇಲೂ ಕಾಕಾನಿಗೆ ಒಳಗೊಳಗೆ ಸಂಶಯ ಉಳಿದೇ ಇತ್ತು. ವಿಕ್ಟರ್ ಅನ್ನುವುದಂತೂ ನಮ್ಮೂರಿಗೆ ಹೊಸ ಹೆಸರೇ ಅಲ್ಲ. ಜಾತ್ರೆಯ ಊರು, ಓಣಿಗೊಬ್ಬ ವಿಕ್ಟರ್ ಇದ್ದಾನೆ.

ಪಾರ್ಥನ ಮೇಲೆ ಬೀಗರು ಹಾಕಿದ ಮೊದಲ ಆಪಾದನೆ, ಅವನು ಓಡುವುದಿಲ್ಲ.

“ನೋಡ್ರಿ, ನೋಡ್ರಿ! ಹುಡುಗ ಬಾಜುದಿಂದ ಹೋದ. ಇಂವ ಇನ್ನಾ ತಿರುಗ್ಲಕತ್ತಾನ. ಕಬ್ಬಿನ ಟ್ರ್ಯಾಕ್ಟರ್ ತಿರುಗ್ದಂಗ!”

ಜಹೀರಾಬಾದಿನವರ ಬಾಯಲ್ಲಿ ಕಬ್ಬಿನ ಟ್ರ್ಯಾಕ್ಟರು ಬರುವುದು ಸಹಜ. ಎರಡು ಟ್ರಾಲಿ ಕಟ್ಟಿಕೊಂಡು ಅದು ಓಣಿಯಲ್ಲಿ ತಿರುಗುವಾಗ ಹಿಂದೆ ನಿಂತ ಮದುವೆಯ ದಿಬ್ಬಣವೇ ಎಷ್ಟೊತ್ತು ಕಾಯಬೇಕು ಅಂತ ಕಂಡವರಿಗೆ ಗೊತ್ತು. ಹೋಲಿಕೆ ತಪ್ಪಿರಲಿಲ್ಲ. ಅಳಿಯನೂ ಅದನ್ನು ಅಲ್ಲಗಳೆಯಲಿಲ್ಲ.

“ಓಡಂಗಿಲ್ಲ ಖರೇ, ಮಾವಾ. ಅಂವ ಯಾಕ ಓಡಬೇಕು? ಚೆಂಡ್ ಓಡಸ್ತಾನಲ್ಲ.”

“ಚೆಂಡ್ ಕಳಕೊಂಡಾಗ?”

“ಸುರೇಶ ಓಡ್ತಾನ.”

“ಅಂದ್ರ ಇಂವನ ಪಗಾರ ಅಂವಗ ಕೊಡ್ರಿ!”

ಆಗ ಚಾಚಾ ಬಾಯಿ ಬಿಟ್ಟರು. ಅವರು ಆಡುವುದು ಕಡಿಮೆ. ಮೂವತ್ತು ವರ್ಷ ಹಸಿರು ಬಾವುಟ ಹಿಡಿದವರು, ಕೈ ಎತ್ತಿದರೆ ಮಾತಾಡಿದಂತೆ ಅನ್ನುವ ಅಭ್ಯಾಸ.

“ಬೇಟಾ, ಹುಷಾರ್ ಪಾಯಿಂಟ್ಸ್‌ಮನ್ ಓಡಂಗಿಲ್ಲ. ಗಾಡಿ ಬರ್ಲಿಕ್ಕ ಮೊದ್ಲೇ ತನ್ನ ಜಾಗಾದಾಗ ನಿಂತಿರ್ತಾನ. ಸ್ಟೇಷನ್‌ದಾಗ ಪಾಯಿಂಟ್ಸ್‌ಮನ್ ಓಡ್ಲಕತ್ಯಾನ ಅಂದ್ರ ಏನೋ ಗಲತ್ ಆಗ್ಯಾದ ಅಂತ ತಿಳ್ಕೋಬೇಕು.”

ಬೀಗರು ಸುಮ್ಮನಾದರು. ಬೀಗರು ಸುಮ್ಮನಾಗುವುದು ಅಪರೂಪವಾದ್ದರಿಂದ ಕಾಕಾ ಒಳಗಿನಿಂದ ಹೊರಗೆ ಬಂದು ನೋಡಿದ.

ಬಂದವನು ತನ್ನ ಪ್ರಶ್ನೆಯನ್ನೂ ಕೇಳಿದ. ಇದು ಅವನು ಮೊದಲ ದಿನದಿಂದ ಕೇಳುತ್ತ ಬಂದ ಪ್ರಶ್ನೆ. ಯಾರೂ ಸರಿಯಾಗಿ ಉತ್ತರ ಕೊಟ್ಟಿರಲಿಲ್ಲ. “ಅದೆಲ್ಲಾ ಇರ್ಲಿ. ಗೋಲು ಆ ಕಡಿ ಅದ. ಇಂವ ಚೆಂಡ್ ಈ ಕಡಿ ಯಾಕ ಕೊಡ್ಲಕತ್ತಾನ?”

ಇಷ್ಟು ಸಣ್ಣ ಮಾತಿಗೆ ಅಳಿಯ ಅರ್ಧ ತಾಸು ತಗೊಂಡ. ಬೆಂಚಿನ ಮೇಲೆ ಒಂದು ಹಳೇ ಪೇಪರು ಹಾಸಿ, ಬಶಿ ತರಿಸಿ, ಉಸ್ಮಾನಿಯಾ ಬಿಸ್ಕೀಟುಗಳನ್ನು ಆಟಗಾರರನ್ನಾಗಿ ಮಾಡಿ ನಿಲ್ಲಿಸಿದ. ಎದುರಿನವರು ಮಿರ್ಚಿ ಭಜಿ. ಚೆಂಡು ಒಂದು ಅಡಿಕೆ ಚೂರು. ಮುಂದೆ ದಾರಿ ಮುಚ್ಚಿದೆ ಅಂದಾಗ ಹಿಂದೆ ಕೊಟ್ಟರೆ ಎದುರಿನವರು ಚೆಂಡಿನ ಬೆನ್ನು ಹತ್ತಿ ಬರುತ್ತಾರೆ, ಅವರು ಬಂದ ಜಾಗ ಖಾಲಿಯಾಗುತ್ತದೆ, ಆ ಖಾಲಿ ಜಾಗಕ್ಕೆ ಪಾರ್ಥ ಉದ್ದನೆಯ ಪಾಸು ಹಾಕುತ್ತಾನೆ ಅಂತ ಭಜಿಗಳನ್ನು ಸರಿಸಿ ತೋರಿಸಿದ. ಕಾಕಾ ಗದ್ದಕ್ಕೆ ಕೈ ಹಚ್ಚಿ ನೋಡುತ್ತಿದ್ದ. ಇನ್ನೇನು ಪಾಸು ಹಾಕಬೇಕು, ಚಾಚಾ ಕೈ ನೀಡಿದರು, ಪಾರ್ಥನನ್ನು ಎತ್ತಿ ಚಹಾದಲ್ಲಿ ಅದ್ದಿದರು. ಅವರ ಕಣ್ಣು ಆಗ ಹೊರಟುನಿಂತ ತಾಂಡೂರು ಪ್ಯಾಸೆಂಜರಿನ ಮೇಲಿತ್ತು. ಅರ್ಧ ಪಾರ್ಥ ಅವರ ಬಾಯಲ್ಲಿ, ಇನ್ನರ್ಧ ಮೆತ್ತಗಾಗಿ ಕಪ್ಪಿನ ತಳಕ್ಕೆ.

“ಸೋತ್ರಿ!” ಅಂತ ಬೀಗರು ಚಪ್ಪಾಳೆ ಹೊಡೆದರು.

ನಾನು ಈ ಪಂಚಾಯ್ತಿಯನ್ನು ಲೆಕ್ಕದವನ ರೀತಿಯಲ್ಲಿ ಬಗೆಹರಿಸಲು ಹೋದೆ. ಕಾಕಾನ ಬಿಲ್ ಬುಕ್ಕಿನ ಬೆನ್ನಿಗೆ ನಡುವೆ ಗೆರೆ ಎಳೆದು, ಎಡಕ್ಕೆ ಜಮಾ, ಬಲಕ್ಕೆ ಖರ್ಚು ಅಂತ ಬರೆದು, ಒಬ್ಬೊಬ್ಬರನ್ನೇ ಕೇಳುತ್ತ ಹೋದೆ. ಪಾರ್ಥನ ಜಮಾ ಏನು? ನಿಂತು ನೋಡುತ್ತಾನೆ. ಖರ್ಚು ಏನು? ನಿಂತು ನೋಡುತ್ತಾನೆ. ವಿಕ್ಟರನ ಜಮಾ? ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಖರ್ಚು? ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಸುರೇಶನದು ಹೇಳಿ ಅಂದರೆ ಎರಡೂ ಬದಿಗೆ “ಎಲ್ಲಾ ಕಡಿ ಇರ್ತಾನ” ಅಂತ ಬಂತು. ಇಪ್ಪತ್ತೆಂಟು ವರ್ಷ ಖಾತೆ ಬರೆದಿದ್ದೇನೆ, ಒಂದೇ ಬಾಬ್ತು ಎರಡೂ ಬದಿಗೆ ಬಂದು ಕೂತಿದ್ದನ್ನು ಅಷ್ಟು ಸಾಲಾಗಿ ಎಂದೂ ಕಂಡಿರಲಿಲ್ಲ. ಕಾರ್ಖಾನೆಯಲ್ಲಾಗಿದ್ದರೆ ಸಾಹುಕಾರರು ನನ್ನನ್ನು ಮನೆಗೆ ಕಳಿಸುತ್ತಿದ್ದರು.

ಆದರೆ ಯೋಚನೆ ಮಾಡಿದರೆ ಬರೆದದ್ದು ತಪ್ಪಲ್ಲ. ಪಾರ್ಥನಿಗೆ ಓಡುವ ಕಾಲು ಇದ್ದಿದ್ದರೆ ಅವನೂ ಎಲ್ಲರಂತೆ ತಲೆ ತಗ್ಗಿಸಿ ಓಡುತ್ತಿದ್ದ. ಓಡಲಾರದ್ದಕ್ಕೆ ತಲೆ ಎತ್ತಿದ. ತಲೆ ಎತ್ತಿದ್ದಕ್ಕೆ ಆಚೆ ಬದಿಯಲ್ಲಿ ಒಂಟಿಯಾಗಿ ಕೈ ಎತ್ತಿ ನಿಂತವನು ಕಂಡ. ನೀವು ಅವನಿಂದ ನಿಧಾನವನ್ನು ಕಿತ್ತುಕೊಂಡರೆ ಆ ನೋಟವೂ ಅದರ ಬೇರಿಗಂಟಿಕೊಂಡು ಬರುತ್ತದೆ. ನಮ್ಮ ತಾಂಡೂರು ಕಲ್ಲಿನ ಹಾಗೆ. ಪದರ ಪದರವಾಗಿ ಏಳುತ್ತದೆ ಅನ್ನುವುದೇ ಅದರ ಗುಣ, ನೆಲಕ್ಕೆ ಹಾಸಲಿಕ್ಕೆ ಚಪ್ಪಡಿ ಸಿಗುವುದು ಅದರಿಂದಲೇ. ಪದರ ಪದರವಾಗಿ ಏಳುತ್ತದೆ ಅನ್ನುವುದೇ ಅದರ ದೋಷ, ಒಂದು ಏಟು ವಾರೆ ಬಿದ್ದರೆ ಚಪ್ಪಡಿ ಚಪ್ಪಡಿಯೇ ಕೈಗೆ ಬರುತ್ತದೆ. ಗಿರಾಕಿ ಬಂದು, ಒಡೆಯುವುದು ಬೇಡ, ಸೀಳುವುದು ಬೇಕು ಅಂದರೆ ನಾವೇನು ಮಾಡೋಣ?

ವಿಕ್ಟರನ ವಕೀಲಿ ಬೀಗರದು. ಅವರು ವಾದಿಸಿದ ಪರಿಯೇ ಬೇರೆ. ಟಿವಿಯವರು ಚೆಂಡಿನ ಹಿಂದೆಯೇ ಕ್ಯಾಮೆರಾ ಓಡಿಸುತ್ತಾರೆ, ಅದಕ್ಕೆ ವಿಕ್ಟರ್ ಕಾಣುವುದಿಲ್ಲ. ಚೆಂಡು ಎಲ್ಲಿಗೆ ಬರಲಿಲ್ಲವೋ ಅಲ್ಲಿ ಅವನಿರುತ್ತಾನೆ ಅಂತ. “ಅಂದ್ರ ಚೆಂಡ್ ಇಲ್ಲದಲ್ಲಿ ಇರೋದೇ ಅಂವನ ಕೆಲ್ಸೇನ್ರಿ?” ಅಂತ ಅಳಿಯ ಕೆಣಕಿದ. “ಹೌದು! ನಾಯಿ ಮನಿ ಮುಂದ ಮಕ್ಕೊಂಡದ ಅಂತ ಕಳ್ಳ ಬರ್ಲಿಲ್ಲ. ಬೆಳಿಗ್ಗೆದ್ದು ಕಳ್ಳ ಬರ್ಲೇ ಇಲ್ಲ, ನಾಯಿ ಯಾಕ ಬೇಕು ಅಂತೀರಿ!” ಬ್ರೆಜಿಲ್ಲಿನ ಆಟಗಾರನನ್ನು ಬಾಗಿಲ ನಾಯಿಗೆ ಹೋಲಿಸಿದ್ದು ಅವರ ಮಟ್ಟಿಗೆ ಹೊಗಳಿಕೆ. ಮುಂದೆ ಅವನೇ ತಂಡದ ಕ್ಯಾಪ್ಟನ್ ಆದಾಗ ಬೀಗರು ಆ ಮಾತನ್ನು ನೆನಪಿಸಿ, ಸ್ವಲ್ಪ ತಿದ್ದಿ, ನಾಯಿಯ ಜಾಗದಲ್ಲಿ ಕೋತ್ವಾಲ ಅಂತ ಹಾಕಿದರು.

2021ರ ಜನವರಿ 28ರ ಪಂದ್ಯ ಮಾತ್ರ ನಾನು ಮರೆಯುವ ಹಾಗಿಲ್ಲ. ಬೆಂಗಳೂರು–ಹೈದರಾಬಾದು. ಅಳಿಯ ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದ, ಬೀಗರು ತಮ್ಮ ಫೋನಿನಲ್ಲಿ. ಒಂದೇ ಬೆಂಚು, ಆ ತುದಿಗೊಬ್ಬ, ಈ ತುದಿಗೊಬ್ಬರು, ನಡುವೆ ನಾನು; ಅಲ್ಲೂ ನನಗೆ ಅದೇ ಜಾಗ. ಬೀಗರ ಫೋನಿನ ಆಟ ಅಳಿಯನದಕ್ಕಿಂತ ಅರ್ಧ ನಿಮಿಷ ಹಿಂದೆ ನಡೆಯುತ್ತಿತ್ತು. ಬೆಂಗಳೂರು ಎರಡು ಗೋಲು ಮುಂದಾದಾಗ ಅಳಿಯ ಎರಡು ಸಲ ಎದ್ದು ಕುಣಿದ. ಬೀಗರು ಎರಡು ಸಲವೂ ಬರಲಿರುವ ಕೇಡಿಗೆ ಕಾಯುತ್ತ ಅರ್ಧ ನಿಮಿಷ ಫೋನು ಹಿಡಿದು ಕೂತರು. ಸಾವಿನ ತಂತಿ ಕೈಗೆ ಬಂದಿದೆ, ಒಡೆದು ಓದಬೇಕು ಅಷ್ಟೆ ಅನ್ನುವ ಹಾಗೆ. ಆಮೇಲೆ ಆಟ ಮುಗಿಯಲು ಬಂದಾಗ, ಇನ್ನೇನು ಲ್ಯಾಪ್‌ಟಾಪ್ ಮುಚ್ಚಬೇಕು, ಅಳಿಯನ ಮುಖ ಇಳಿಯಿತು. ಬೀಗರು ತಮ್ಮ ಫೋನು ಬಿಟ್ಟು ಅವನ ಮುಖವನ್ನೇ ನೋಡುತ್ತಿದ್ದರು. “ಹಾ! ಹೊಡದ್ವಿ!” ಅಂತ ಎದ್ದು ನಿಂತರು. ಅವರ ಫೋನಿನಲ್ಲಿ ಆಗಿನ್ನೂ ಚೆಂಡು ಮೈದಾನದ ನಡುವೆಯೇ ಇತ್ತು. ಸ್ವಲ್ಪ ಹೊತ್ತಿಗೆ ಅಳಿಯನ ಮುಖ ಇನ್ನಷ್ಟು ಇಳಿಯಿತು. 2-2. ಎರಡನೆಯ ಗೋಲನ್ನು ಬೀಗರು ಫೋನಿನಲ್ಲಿ ನೋಡಲೇ ಇಲ್ಲ, ಅಷ್ಟೊತ್ತಿಗೆ ಕಾಕಾನನ್ನು ಎತ್ತಿಕೊಂಡಿದ್ದರು. ಒಂದು ಪಂದ್ಯವನ್ನು ಎದುರಾಳಿಯ ಮುಖದಲ್ಲಿ ನೋಡಬಹುದು, ಅದು ಸ್ಟೇಡಿಯಮ್ಮಿಗಿಂತ ಚೆನ್ನಾಗಿರುತ್ತದೆ ಅಂತ ನನಗೆ ಗೊತ್ತಾದದ್ದು ಆವತ್ತು.

ಇಷ್ಟೆಲ್ಲ ಗದ್ದಲದಲ್ಲಿ ಚಾಚಾ ಎಲ್ಲೋ ಇರುತ್ತಿದ್ದರು. ಅವರ ಬಾಲ್ಯ ಸಿಕಂದರಾಬಾದಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಕಳೆದದ್ದು. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಫತೇಹ್ ಮೈದಾನಿಗೆ ಹೋಗಿ ಸಿಟಿ ಪೊಲೀಸ್ ತಂಡದ ಆಟ ನೋಡಿದವರು. ಸಿಟಿ ಪೊಲೀಸ್ ಅಂದರೆ 1950ರಿಂದ 54ರವರೆಗೆ ಐದು ವರ್ಷ ಒಂದೇ ಸಮನೆ ಮುಂಬಯಿಯ ರೋವರ್ಸ್ ಕಪ್ ಗೆದ್ದ ತಂಡ. ಅದನ್ನು ಕಟ್ಟಿದವರು ಸೈಯದ್ ಅಬ್ದುಲ್ ರಹೀಮ್, ಶಾಲಾಮಾಸ್ತರರು. 2024ರಲ್ಲಿ ಅವರ ಮೇಲೆ ‘ಮೈದಾನ್’ ಅಂತ ಹಿಂದಿ ಸಿನಿಮಾ ಬಂತು. ಅಳಿಯ ಫೋನಿನಲ್ಲಿ ತೋರಿಸಿದರೆ ಚಾಚಾ ಅರ್ಧ ನೋಡಿ, “ರಹೀಮ್ ಸಾಬ್ ಇಷ್ಟು ಕೂಗಂಗಿದ್ದಿಲ್ಲ” ಅಂತ ವಾಪಸು ಕೊಟ್ಟರು. ತಾವು ಕೇಳಿಸಿಕೊಂಡಿದ್ದಿರೇನು ಅಂದರೆ, ಇಲ್ಲ, ಹುಡುಗರನ್ನು ಯಾರು ಹತ್ತಿರ ಬಿಡುತ್ತಿದ್ದರು, ಬೇಲಿಯಾಚೆಯಿಂದ ನೋಡಿದ್ದು, ಅಲ್ಲಿಗೆ ಏನೂ ಕೇಳಿಸಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ ಅಂದರು. ಈ ಸಾಕ್ಷ್ಯವನ್ನು ಯಾವ ಕೋರ್ಟೂ ತಳ್ಳಿಹಾಕಲಾರದು.

ರಹೀಮರಿಗೆ ಚೆಂಡನ್ನು ಕಾಲಿಗಂಟಿಸಿಕೊಂಡು ಕುಣಿಯುವವರು ಸೇರುತ್ತಿರಲಿಲ್ಲ. ಡ್ರಿಬಲ್ ಮಾಡಬಾರದು ಅನ್ನುವ ನಿಯಮದ ಟೂರ್ನಿ ಮಾಡಿಸುತ್ತಿದ್ದರು. ಬಾರದ ಕಾಲಿನಲ್ಲೇ ಒದೆಯಬೇಕು ಅನ್ನುವ ಟೂರ್ನಿಯೂ ಇತ್ತು. ಅಂದರೆ ಆಟಗಾರನ ಕೊರತೆಯನ್ನೇ ನಿಯಮ ಮಾಡಿ ಆಡಿಸುವುದು. ನನ್ನ ಡ್ರಿಲ್ ಮಾಸ್ತರರಿಗೂ ರಹೀಮ್ ಮಾಸ್ತರರಿಗೂ ಇರುವ ಅಂತರ ಇಷ್ಟೆ: ಬಾರದವನನ್ನು ಒಬ್ಬರು ನಡುವೆ ತಂದು ಬಚ್ಚಿಟ್ಟರು, ಇನ್ನೊಬ್ಬರು ಬಾರದ ಕಾಲಿಗೇ ಪಂದ್ಯ ಇಟ್ಟರು. 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸಿಗೆ ಅವರ ಕೈಕೆಳಗೆ ಹೋದ ನಮ್ಮ ತಂಡ ಯುಗೊಸ್ಲಾವಿಯದ ಕೈಲಿ 10-1ರಿಂದ ತಿಂದು ಬಂತು. ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಹೊಡೆದದ್ದು ಅಂತ ಅಳಿಯ ಇವತ್ತಿಗೂ ಎದೆ ಉಬ್ಬಿಸುತ್ತಾನೆ. ಉಳಿದ ಹತ್ತರ ಮಾತು ಎತ್ತುವುದಿಲ್ಲ.

ಅಲ್ಲಿಂದ ನಾಲ್ಕು ವರ್ಷಕ್ಕೆ ಮೆಲ್ಬರ್ನ್. ಅದನ್ನು ಹೇಳುವ ಮೊದಲು ನಮ್ಮ ಕಡೆಯ ಒಂದು ಸಂಗತಿ ಹೇಳಬೇಕು. ಅದಿಲ್ಲದೆ ಈ 1956 ನಮಗೆ ಯಾಕೆ ಕಚ್ಚುತ್ತದೆ ಅನ್ನುವುದು ತಿಳಿಯುವುದಿಲ್ಲ. ಆ ವರ್ಷದ ನವೆಂಬರ್ 1ಕ್ಕೆ ಹೈದರಾಬಾದ್ ಸಂಸ್ಥಾನದ ನೆಲವನ್ನು ಭಾಷೆಯ ಮೇಲೆ ಹಂಚಿದರು. ಕಲಬುರಗಿ ಜಿಲ್ಲೆ ಮೈಸೂರಿಗೆ ಹೋಯಿತು, ತಾಂಡೂರು ಮತ್ತು ಕೊಡಂಗಲ್ ತಾಲೂಕು ಬಿಟ್ಟು. ಬೀದರ ಜಿಲ್ಲೆಯಿಂದ ನಾರಾಯಣಖೇಡ ತಾಲೂಕು, ನ್ಯಾಲಕಲ್ ಸರ್ಕಲ್ಲು, ಜಹೀರಾಬಾದ್ ತಾಲೂಕು ಆಂಧ್ರಕ್ಕೆ ಬಂದವು. ಜಹೀರಾಬಾದಿನಲ್ಲಿ ಮತ್ತೆ ನಿರ್ಣಾ ಸರ್ಕಲ್ ಮಾತ್ರ ಮೈಸೂರಿಗೆ. ಕಾಯ್ದೆಯ ಪುಸ್ತಕದಲ್ಲಿ ಈ ‘ಬಿಟ್ಟು’ ಅನ್ನುವ ಶಬ್ದ ಮತ್ತೆ ಮತ್ತೆ ಬರುತ್ತದೆ; ನಾವು ಆ ಬಿಟ್ಟವರ ಪೈಕಿ. ಬೀಗರ ಅಪ್ಪ ನಿರ್ಣಾದಲ್ಲಿ ಮಗಳನ್ನು ಕೊಟ್ಟಿದ್ದರಂತೆ. ರಾತ್ರಿ ಮಲಗಿ ಬೆಳಗ್ಗೆ ಏಳುವುದರೊಳಗೆ ಮಗಳು ಬೇರೆ ರಾಜ್ಯದವಳಾಗಿದ್ದಳು.

ಗೆರೆ ಎಳೆದು ಸರಿಯಾಗಿ ಒಂದು ತಿಂಗಳು. ಡಿಸೆಂಬರ್ 1ಕ್ಕೆ ಮೆಲ್ಬರ್ನಿನಲ್ಲಿ ಭಾರತ ಆಸ್ಟ್ರೇಲಿಯವನ್ನು ಅವರ ಮನೆಯಲ್ಲೇ 4-2ರಿಂದ ಹೊಡೆಯಿತು. ನೆವಿಲ್ ಡಿಸೋಜಾ ಮೂರು ಗೋಲು. ಒಲಿಂಪಿಕ್ಸಿನಲ್ಲಿ ಸೆಮಿಫೈನಲ್ ಮುಟ್ಟಿದ ಏಷ್ಯದ ಮೊದಲ ತಂಡ ನಮ್ಮದು. ಮುಂದೆ ಯುಗೊಸ್ಲಾವಿಯಕ್ಕೆ 4-1ರಿಂದ ಸೋತದ್ದು, ಕಂಚಿಗಾಗಿ ಬಲ್ಗೇರಿಯದ ಎದುರು 3-0 ಆದದ್ದು ಎಲ್ಲ ಇದೆ. ನಾಲ್ಕನೇ ಜಾಗ. ನಮ್ಮ ಬೆಂಚಿಗೆ ಬೇಕಾದದ್ದು ಅದಲ್ಲ. ಆ ತಂಡದ ಹಾಫ್‌ಬ್ಯಾಕುಗಳಲ್ಲಿ ಒಬ್ಬರು ಮೈಸೂರಿನ ಕಡೆಯಿಂದ ಹೋದ ಕೆಂಪಯ್ಯ, ಇನ್ನೊಬ್ಬರು ಹೈದರಾಬಾದಿನ ನೂರ್ ಮೊಹಮ್ಮದ್. ಇಲ್ಲಿ ನಮ್ಮ ಅಂಗಳದಲ್ಲಿ ಗೆರೆ ಎಳೆದು ಈ ಕಡೆ, ಆ ಕಡೆ ಅಂತ ಮಾಡಿದ್ದರು. ಅಲ್ಲಿ ಅವರಿಬ್ಬರೂ ಒಂದೇ ತಂಡದ ನಡುವಿನ ಸಾಲಿಗೆ ಸೇರಿದವರು.

ಕೆಂಪಯ್ಯ ಮುಂದೆ ಕೋಲ್ಕತ್ತದ ಮೋಹನ್ ಬಗಾನಿಗೆ ಆಡಿದರು, 1960ರ ರೋಮ್ ಒಲಿಂಪಿಕ್ಸಿಗೂ ಹೋದರು. ರೋಮಿನಲ್ಲಿ ಅವರ ಜೊತೆ ಹೈದರಾಬಾದಿನ ಇನ್ನೊಬ್ಬರಿದ್ದರು, ಯೂಸುಫ್ ಖಾನ್. ಎಲ್ಲಿ ನಿಲ್ಲಿಸಿದರೆ ಅಲ್ಲಿ ಆಡುವ ಆಳು, ದಣಿವು ಅನ್ನುವುದಿಲ್ಲ. ಅದಕ್ಕೇ ಅವರಿಗೆ ಗಡ್ಡದ ಕುದುರೆ ಅಂತ ಹೆಸರು ಬಿತ್ತು. 1962ರಲ್ಲಿ ಜಕಾರ್ತದಲ್ಲಿ ರಹೀಮರು ಎರಡನೆಯ ಸಲ ಏಷ್ಯನ್ ಗೇಮ್ಸ್ ಚಿನ್ನ ಗೆಲ್ಲಿಸಿದಾಗ ಆ ತಂಡದಲ್ಲೂ ಯೂಸುಫ್ ಇದ್ದರು. ಮರುವರ್ಷ ರಹೀಮ್ ಕ್ಯಾನ್ಸರಿನಲ್ಲಿ ತೀರಿಕೊಂಡರು. ಚಾಚಾ ಆ ದಿನ ಶಾಲೆಗೆ ಹೋಗಲಿಲ್ಲವಂತೆ. ಅದಕ್ಕೆ ಬೇರೆ ಕಾರಣವೂ ಇದ್ದಿರಬಹುದು, ನಾನು ಕೇಳಲಿಲ್ಲ.

2022ರ ಮಾರ್ಚಿನಲ್ಲಿ ಬೀಗರ ಭಾಗ್ಯ ತೆರೆಯಿತು. ಫತೋರ್ದಾದ ಫೈನಲ್ಲಿನಲ್ಲಿ ಹೈದರಾಬಾದು, ಕೇರಳ ಬ್ಲಾಸ್ಟರ್ಸನ್ನು ಪೆನಾಲ್ಟಿಯಲ್ಲಿ ಸೋಲಿಸಿ ಕಪ್ಪು ಎತ್ತಿತು. ಸೋಲು ಕಟ್ಟಿಟ್ಟದ್ದು ಅನ್ನುವಾಗ 88ನೇ ನಿಮಿಷಕ್ಕೆ ಸಾಹಿಲ್ ತವೋರಾ ಅನ್ನುವ ಮಿಡ್‌ಫೀಲ್ಡರ್ ದೂರದಿಂದ ಒದ್ದು ಸಮ ಮಾಡಿದ್ದ. “ನೋಡಿದ್ರಿಲ್ಲೋ, ನಡುವಿನಾಂವ!” ಅಂತ ಬೀಗರು ಫೋನಿನಲ್ಲೇ ಕೂಗಿದರು. ಅಳಿಯ ಸಿಡುಕಿದ: ನಡುವಿನವನು ಗೋಲು ಹೊಡೆದ ದಿನ ಮಾತ್ರ ಅವನ ಹೆಸರು ಹೇಳುತ್ತೀರಿ, ಉಳಿದ ದಿನ ಕಬ್ಬಿನ ಟ್ರ್ಯಾಕ್ಟರು. ಮಾತು ಖರೇ. ಆದರೆ ಆವತ್ತು ಹೆಸರು ಹೊಡೆದುಕೊಂಡು ಹೋದವನು ತವೋರಾನೂ ಅಲ್ಲ, ವಿಕ್ಟರನೂ ಅಲ್ಲ. ಪೆನಾಲ್ಟಿ ಹಿಡಿದ ಗೋಲ್‌ಕೀಪರ್ ಗೋವಾದ ಲಕ್ಷ್ಮೀಕಾಂತ್ ಕಟ್ಟಿಮನಿ. ಎಷ್ಟೋ ದಿನದಿಂದ ಯಾರ ಪಕ್ಷಕ್ಕೂ ಸೇರದೆ ಚಹಾ ಸೋಸುತ್ತಿದ್ದ ಕಾಕಾ ಆ ಹೆಸರು ಕಿವಿಗೆ ಬಿದ್ದದ್ದೇ ತಡ ಹೈದರಾಬಾದಿನವನಾಗಿಬಿಟ್ಟ. “ಕಟ್ಟಿಮನಿ! ನಮ್ಮ ಕಡಿ ಹೆಸರೇ ಅಲ್ಲೇನ್ರಿ ಅದು?” ಆ ದಿನ ಎಲ್ಲರಿಗೂ ಫುಲ್ ಚಹಾ, ರೊಕ್ಕ ತಗೊಳ್ಳಲಿಲ್ಲ.

ಸುಖ ಬಹಳ ದಿನ ಉಳಿಯಲಿಲ್ಲ. ಆಟಗಾರರ ಪಗಾರ ನಿಂತಿತು ಅಂತ ಸುದ್ದಿ ಬಂತು, ಒಬ್ಬೊಬ್ಬರೇ ಬಿಟ್ಟರು, ವಿಕ್ಟರನೂ ಹೋದ. ಕೊನೆಗೆ 2025ರಲ್ಲಿ ಕ್ಲಬ್ಬೇ ಹೆಸರು ಬದಲಿಸಿಕೊಂಡು ದೆಹಲಿಗೆ ಹೋಯಿತು. ಆಟಗಾರ ತಂಡ ಬಿಡುವುದು ಕಂಡಿದ್ದೆವು, ತಂಡವೇ ಊರು ಬಿಟ್ಟದ್ದು ಇದೇ ಮೊದಲು. ಬೀಗರು ಆ ವಾರ ಜಹೀರಾಬಾದಿನಿಂದ ಬಂದವರು ಬೆಂಚಿನ ತುದಿಗೆ ಕೂತು, “ನಮ್ದು ಮತ್ತ ಅದೇ ಆಯ್ತು ನೋಡ್ರಿ. ಮಕ್ಕೊಂಡು ಏಳೋದ್ರಾಗ ಗೆರಿ ಬದಲಾಯ್ತು” ಅಂದರು. ಅಳಿಯ ಕೆಣಕಲಿಲ್ಲ. ಪಾರ್ಥನೂ ಅವನ ತಂಡ ಬಿಟ್ಟು ಅಷ್ಟೊತ್ತಿಗೆ ನಾಲ್ಕು ವರ್ಷ ಆಗಿತ್ತು. ಸುರೇಶ ಮಾತ್ರ ಇನ್ನೂ ಓಡುತ್ತಿದ್ದ.

ಹೋದ ತಿಂಗಳು ಅಳಿಯ ರಜೆಗೆ ಬಂದಾಗ ನಾಲ್ವರೂ ಕೂಡಿದೆವು. ಆಡುವ ತಂಡ ಇಲ್ಲವೆಂದು ಪಂಚಾಯ್ತಿ ನಿಲ್ಲುತ್ತದೆಯೇ? ಕೆಂಪಯ್ಯ ಹೆಚ್ಚೋ ನೂರ್ ಹೆಚ್ಚೋ ಅಂತ ಸುರುವಾಯಿತು. ಬೆಂಗಳೂರು ಪಕ್ಷದಿಂದ ಅಳಿಯ, ಹೈದರಾಬಾದ್ ಪಕ್ಷದಿಂದ ಬೀಗರು. ಇಬ್ಬರೂ ಆ ಆಟಗಾರರನ್ನು ಕಂಡವರಲ್ಲ. ಕಂಡದ್ದು ಚಾಚಾ ಒಬ್ಬರೇ, ಅದೂ ನೂರ್ ಸಾಹೇಬರನ್ನು, ಅದೂ ಬೇಲಿಯಾಚೆಯಿಂದ. ಹೇಗಾಡುತ್ತಿದ್ದರು ಅಂದರೆ ಅವರು ಬಹಳ ಹೊತ್ತು ನೆನಪು ಮಾಡಿಕೊಂಡು, “ಲೈನ್ ಕ್ಲಿಯರ್ ಕೊಡ್ತಿದ್ರು” ಅಂದರು. ಅಂದರೆ ಮುಂದಿನ ಸ್ಟೇಷನ್ನಿನವರೆಗೆ ಲೈನು ಖಾಲಿ ಇದೆಯೋ ಅಂತ ಮೊದಲೇ ಕೇಳಿಕೊಂಡು, ಆಮೇಲೆ ಗಾಡಿ ಬಿಡುವವರು. ಅದಕ್ಕಿಂತ ಹೆಚ್ಚು ಅವರ ಬಾಯಿಂದ ಹೊರಡಲಿಲ್ಲ.

ಬೆಂಚಿನ ಮೇಲೆ ಬಶಿಯಲ್ಲಿ ಎರಡೇ ಬಿಸ್ಕೀಟು ಉಳಿದಿದ್ದವು. ಒಂದು ಕೆಂಪಯ್ಯ, ಇನ್ನೊಂದು ನೂರ್. ಅಳಿಯ ಅವೆರಡನ್ನೂ ದೂರ ದೂರ ಇಟ್ಟು ಇವರ ಜಾಗ ಇದು, ಅವರ ಜಾಗ ಅದು ಅಂತ ವಾದ ಹೂಡಿದ್ದ. ತಾಂಡೂರಿನ ಕಡೆಯಿಂದ ಸಿಮೆಂಟಿನ ಗೂಡ್ಸು ಬಂತು. ಐವತ್ತಕ್ಕೂ ಹೆಚ್ಚು ಡಬ್ಬಿ, ನಿಲ್ಲುವ ಮಾತಿಲ್ಲ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಈಗಿನ ಪಾಯಿಂಟ್ಸ್‌ಮನ್ ಹುಡುಗ ಹಸಿರು ಬಾವುಟ ಚಾಚಿ ನಿಂತಿದ್ದ. ಚಾಚಾನ ಬಲಗೈ ಬೆಂಚಿನ ಮೇಲೆಯೇ ತುಸು ಮೇಲೆದ್ದಿತ್ತು. ಬೆಂಚು ಗಡಗಡ ನಡುಗಿತು. ಗೂಡ್ಸು ಹೋದ ಮೇಲೆ ನೋಡಿದರೆ ಬಶಿಯಲ್ಲಿ ಎರಡೂ ಬಿಸ್ಕೀಟು ಜಾರಿ ಒಂದರ ಮೈಗೊಂದು ಹತ್ತಿ ಕೂತಿದ್ದವು.

ಕಾಕಾ ಬಿಲ್ ಬುಕ್ಕು, ಪೆನ್ಸಿಲು ಹಿಡಿದು ಬಂದ.

“ಇವೆರಡು ತಿಂತೀರೋ ಬಿಡ್ತೀರೋ? ಯಾರ ಖಾತೆಕ್ಕ ಹಚ್ಚಲಿ?”

ಅಳಿಯ ಬೀಗರನ್ನು ನೋಡಿದ, ಬೀಗರು ಅಳಿಯನನ್ನು. ಆಮೇಲೆ ಇಬ್ಬರೂ ನಡುವೆ ಕೂತ ನನ್ನ ಕಡೆ ತಿರುಗಿದರು.